ನೇಮಕವೇ ಆಗದೆ ವಜಾ ಆದವರಿಗೆ ನೇಮಕಾತಿ ಆದೇಶ ಕೋರಿ

ಇಂದ,
ಪ್ರತಿಭಾ ನಾಗಲಿಂಗಪ್ಪ,
ವ್ಯವಸ್ಥಾಪಕಿ (ಮಾರಾಟ ಜಾಲ, ನೇಮಕಾತಿ, ಗ್ರಾಹಕರ ದೂರು ಹಾಗೂ ಸಕ್ಕರೆ ಇಲ್ಲದ ಕಾಫಿ),
ಅಶ್ವಧಾರಾ ಇನ್ನೊವೇಷನ್ಸ್,
ವಧುವಿನ ಕೋಣೆ, ಮೊದಲನೇ ಮಹಡಿ,
ವೆಂಕಟರಾಮಯ್ಯ ಕಲ್ಯಾಣ ಮಂಟಪ,
ಕೋಗಿಲು, ಯಲಹಂಕ, ಬೆಂಗಳೂರು.

ಗೆ,
ಶ್ರೀ ಅಶ್ವತ್ಥ್ ವೆಂಕಟರಾಮಯ್ಯ,
ಸಂಸ್ಥಾಪಕರು, ಮುಖ್ಯ ಕಾರ್ಯನಿರ್ವಾಹಕರು ಮತ್ತು ಮುಖ್ಯ ಕನಸುಗಾರರು (ತಮ್ಮ ವಿಸಿಟಿಂಗ್ ಕಾರ್ಡಿನಲ್ಲಿರುವಂತೆ),
ಅದೇ ಸಂಸ್ಥೆ, ಅದೇ ಕೋಣೆ, ಎ.ಸಿ. ಗಾಳಿ ಬರುವ ಕಡೆ.

ವಿಷಯ: ಸ್ವತಂತ್ರ ಮಾರಾಟ ಪ್ರತಿನಿಧಿ ಶ್ರೀ ನಾಗಲಿಂಗಪ್ಪ, ನಾಗಸಂದ್ರ, ಇವರನ್ನು ನೇಮಕಾತಿ ಆದೇಶವನ್ನೇ ನೀಡದೆ ವಜಾ ಮಾಡಿರುವುದರಿಂದ, ಸದರಿಯವರಿಗೆ ಹಿಂದಿನ ದಿನಾಂಕದಿಂದ ನೇಮಕಾತಿ ಆದೇಶ ನೀಡುವ ಕುರಿತು.

ಉಲ್ಲೇಖ:
1. ಸದರಿಯವರಿಗೆ ತಾವು ಫೋನಿನಲ್ಲಿ ನೀಡಿದ "ವೆಲ್ಕಮ್ ಆನ್ ಬೋರ್ಡ್ ಅಂಕಲ್" ಎಂಬ ಮೌಖಿಕ ಆದೇಶ.
2. ಬಿಡುಗಡೆ ಸಮಾರಂಭದಲ್ಲಿ ತಾವು ಮೈಕಿನಲ್ಲಿ ಹೊರಡಿಸಿದ ವಜಾ ಆದೇಶ.
3. ಅದೇ ದಿನ ಮಧ್ಯಾಹ್ನ ವಾಟ್ಸಾಪ್ ಗುಂಪಿನಲ್ಲಿ ಕಾಣಿಸಿಕೊಂಡ, ಅವರನ್ನು ತೆಗೆದುಹಾಕಲಾಗಿದೆ ಎಂಬ ಒಂದು ಸಾಲು.

ಮಾನ್ಯರೇ,

ಮೇಲ್ಕಂಡ ವಿಷಯವನ್ನು ತಾವು ಓದಿಲ್ಲ, ಉಲ್ಲೇಖವನ್ನಂತೂ ಓದುವುದೇ ಇಲ್ಲ ಎಂಬುದು ನನಗೆ ತಿಳಿದಿದೆ. ಮೂರು ಸಾಲಿಗಿಂತ ಉದ್ದವಿರುವ ಯಾವುದನ್ನೇ ಆದರೂ "ಪಾಯಿಂಟ್ ಪಾಯಿಂಟ್ ಮಾಡಿ ಕಳ್ಸಿ" ಎಂದು ಹಿಂದಿರುಗಿಸುವುದು ತಮ್ಮ ಪದ್ಧತಿ. ಆದ್ದರಿಂದ ಅಂಶಗಳಿಗೆ ಸಂಖ್ಯೆ ಹಾಕಲಾಗಿದೆ. ಕೇಳಬೇಕಾದ್ದನ್ನು ಕೊನೆಯಲ್ಲಿ ಕೇಳಿರುವ ಕಾರಣ, ಈ ಒಂದು ಸಲ ಕೊನೆಯವರೆಗೂ ಓದಬೇಕಾಗಿ ಕೋರುತ್ತೇನೆ.

1. ತಮ್ಮ ಸಂಸ್ಥೆಯ ಏಕೈಕ ಉತ್ಪನ್ನದ ಹೆಸರು "ತುಂಬಣ್ಣ". ಸಂಪಿನಿಂದ ಮೋಟರ್ ಹಾಕಿ ಮನೆಯ ಮೇಲಿನ ಟ್ಯಾಂಕ್ ತುಂಬಿಸುವಾಗ, ಟ್ಯಾಂಕ್ ತುಂಬಿದ ಕೂಡಲೇ ಅಡುಗೆಮನೆಯ ಗೋಡೆಯಲ್ಲಿರುವ ಪುಟ್ಟ ಪೆಟ್ಟಿಗೆ ಕೂಗಬೇಕು, ಮನೆಯವರು ಎದ್ದುಹೋಗಿ ಮೋಟರ್ ಆರಿಸಬೇಕು. ಇದು ಸರಳವಾದ, ಉಪಯೋಗದ ವಸ್ತು. ಇದನ್ನು ಕೆಡಿಸಲು ಬಹಳ ಪ್ರತಿಭೆ ಬೇಕಿತ್ತು, ಅದು ತಮ್ಮಲ್ಲಿತ್ತು. ಗಂಟೆ ಬಾರಿಸಿದ್ದರೆ ಸಾಕಾಗುತ್ತಿದ್ದ ಪೆಟ್ಟಿಗೆಗೆ ತಾವು ತಮ್ಮದೇ ದನಿ ತುಂಬಿಸಿದಿರಿ. ಈಗ ಅದು "ಹಾಯ್! ನಾನು ತುಂಬಣ್ಣ! ನಿಮ್ಮ ಟ್ಯಾಂಕ್ ಸಂತೋಷದಿಂದ ತುಂಬಿದೆ!" ಎಂದು ಶುರುಮಾಡಿ, ನೀರಿನ ಮಹತ್ವದ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ, ಕೊಟ್ಟಕೊನೆಗೆ ಮೋಟರಿನ ವಿಷಯಕ್ಕೆ ಬರುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಮತ್ತೆ ಒದ್ದೆಯಾಗಿರುತ್ತದೆ. ಈ ಕುರಿತು ನಾನು ಮೂರು ಸಲ ಬರೆದ ಟಿಪ್ಪಣಿಗೆ ತಾವು ಮೂರು ಸಲವೂ ಒಂದು ಹೆಬ್ಬೆರಳಿನ ಚಿತ್ರ ಕಳುಹಿಸಿರುತ್ತೀರಿ.

2. ಸಂಸ್ಥೆಯ ಕಚೇರಿಯು ತಮ್ಮ ತಂದೆಯವರಾದ ಶ್ರೀ ವೆಂಕಟರಾಮಯ್ಯನವರು ದ್ರಾಕ್ಷಿ ತೋಟ ತೆಗೆದು ಕಟ್ಟಿಸಿದ ಕಲ್ಯಾಣ ಮಂಟಪದ ವಧುವಿನ ಕೋಣೆಯಲ್ಲಿದೆ. ಮುಹೂರ್ತವಿದ್ದ ದಿನ ವಧು ಬರುತ್ತಾಳೆ. ನಾವು ನಾಲ್ಕು ಜನ ನೌಕರರು ಕಂಪ್ಯೂಟರ್ ಹೊತ್ತುಕೊಂಡು ಪಾತ್ರೆ ಕೋಣೆಗೆ ಹೋಗುತ್ತೇವೆ. ಇದರ ಬಗ್ಗೆ ನನ್ನದೇನೂ ತಕರಾರಿಲ್ಲ. ಅನ್ನದ ಹಂಡೆಗಳ ನಡುವೆ ಕೂತು "ಮಾರುಕಟ್ಟೆ ವಿಸ್ತರಣೆ" ಎಂದು ಟೈಪ್ ಮಾಡುವುದರಲ್ಲಿ ಒಂದು ನೆಮ್ಮದಿಯಿದೆ, ಹಂಡೆಗಳಿಗೆ ನಮ್ಮ ಮೇಲೆ ಯಾವ ನಿರೀಕ್ಷೆಯೂ ಇರುವುದಿಲ್ಲ.

3. ಹೀಗಿರುವಲ್ಲಿ, ಕಳೆದ ಯುಗಾದಿಯ ನಂತರ ತಾವು ಅಂತರ್ಜಾಲದಲ್ಲಿ ಒಂದು ಲೇಖನ ಓದಿದಿರಿ. ಚಿಕ್ಕ ಸಂಸ್ಥೆಗಳು ಸಂಬಳದ ಮಾರಾಟಗಾರರನ್ನು ಇಟ್ಟುಕೊಳ್ಳದೆ ಸ್ವತಂತ್ರ ಮಾರಾಟ ಪ್ರತಿನಿಧಿಗಳನ್ನು ಹುಡುಕಿಕೊಳ್ಳಬೇಕು ಎಂದು ಅದರಲ್ಲಿತ್ತಂತೆ. ಆ ಲೇಖನದಲ್ಲಿ ಇನ್ನೂ ಏನೇನಿತ್ತೋ, ತಾವು ಮುಂದೆ ಓದಿದಂತೆ ಕಾಣಲಿಲ್ಲ. ಮಾರನೆಯ ದಿನ ನನ್ನ ಮೇಜಿನ ಮೇಲೆ ಆದೇಶ ಬಂತು: ಪ್ರತಿನಿಧಿಗಳು ಹತ್ತು ಜನ ಬೇಕು. ಷರತ್ತುಗಳೆಂದರೆ, ಸಂಬಳವಿಲ್ಲ, ಪೆಟ್ರೋಲಿಲ್ಲ, ರಜೆಯಿಲ್ಲ, ಕಾಗದಪತ್ರವಿಲ್ಲ. ಮಾರಿದರೆ ಕಮಿಷನ್, ಮಾರದಿದ್ದರೆ ಅನುಭವ. ಇಷ್ಟಕ್ಕೆ ಯಾರು ಬರುತ್ತಾರೆ ಸಾರ್ ಎಂದು ನಾನು ಕೇಳಿದ್ದು ನಿಜ.

"ಸಂಬಳ ಕೊಟ್ರೆ ಹಸಿವು ಹೋಗ್ಬಿಡುತ್ತೆ ಪ್ರತಿಭಾ," ಎಂದಿರಿ ತಾವು. "ನಮಗೆ ಹಂಗ್ರಿ ಆಗಿರೋರು ಬೇಕು. ಹಸಿದೋನು ಮಾತ್ರ ಮಾರ್ತಾನೆ ಕಣ್ರೀ."

ಹೀಗೆ ಅಪ್ಪಣೆ ಕೊಡಿಸುವಾಗ ತಾವು ಕೆಳಗಿನ ಮದುವೆಯ ಪಂಕ್ತಿಯಿಂದ ತರಿಸಿಕೊಂಡ ಹೋಳಿಗೆಯನ್ನು ತುಪ್ಪದ ಸಮೇತ ಸೇವಿಸುತ್ತಿದ್ದಿರಿ ಎಂಬುದನ್ನು ದಾಖಲೆಗಾಗಿ ಇಲ್ಲಿ ನಮೂದಿಸಿದೆ.

4. ಪ್ರಕಟಣೆ ಹೊರಡಿಸಲಾಯಿತು. "ನಿಮಗೆ ನೀವೇ ಯಜಮಾನರು" ಎಂಬ ತಲೆಬರಹ ತಮ್ಮದು. ಬಂದವರ ಪೈಕಿ ಇಬ್ಬರ ವಿವರ ಈ ಅರ್ಜಿಗೆ ಅಗತ್ಯವಿದೆ.

(ಅ) ಶ್ರೀ ಉಮೇಶ್, ಹೆಬ್ಬಾಳ. ಟೈ ಕಟ್ಟಿಕೊಂಡು, ದೊಡ್ಡ ಚೀಲ ಹೊತ್ತುಕೊಂಡು ಬಂದರು. ಸಂದರ್ಶನದಲ್ಲಿ ತಾವು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಕನಸೇನು?" ಎಂಬುದು. ಅವರು, "ಅದನ್ನ ಆಮೇಲೆ ಹೇಳ್ತೀನಿ ಸಾರ್, ಮೊದ್ಲು ನಿಮ್ಮ ಹೊಟ್ಟೆ ಬಗ್ಗೆ ಮಾತಾಡೋಣ" ಎಂದು ಚೀಲ ಬಿಚ್ಚಿದರು. ಒಂದು ಗಂಟೆಯ ನಂತರ ತಾವು ಮೂರು ಡಬ್ಬಿ ತೂಕ ಇಳಿಸುವ ಪುಡಿಯೊಂದಿಗೆ, ಅದನ್ನು ಇನ್ನೂ ಐದು ಜನಕ್ಕೆ ಮಾರುವ ಒಪ್ಪಂದದೊಂದಿಗೆ ಹೊರಬಂದಿರಿ. ನಮ್ಮ ಪ್ರತಿನಿಧಿಯಾಗಲು ಬಂದವರು ನಮ್ಮ ಸಂಸ್ಥಾಪಕರನ್ನೇ ತಮ್ಮ ಪ್ರತಿನಿಧಿಯನ್ನಾಗಿ ಮಾಡಿಕೊಂಡು ಹೋದದ್ದು ಸಂಸ್ಥೆಯ ಇತಿಹಾಸದಲ್ಲಿ ಮೊದಲ ಯಶಸ್ವಿ ಮಾರಾಟವಾಗಿರುತ್ತದೆ. ಆ ಪುಡಿಯನ್ನು ತಾವು ನನಗೂ ಮಾರಲು ಯತ್ನಿಸಿದಿರಿ, ನಾನು ಹಸಿದಿಲ್ಲ ಎಂದೆ.

(ಆ) ಶ್ರೀ ಖಾದರ್ ಬಾಷಾ, ಆರ್.ಟಿ. ನಗರ. ಇಪ್ಪತ್ತು ವರ್ಷದಿಂದ ಪ್ಲಂಬರ್ ಕೆಲಸ. ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಅವರು ಕೇಳಿದ್ದು ಎರಡೇ ಪ್ರಶ್ನೆ. "ಕೆಟ್ರೆ ಯಾರ್ ಬರ್ತಾರೆ ಸಾರ್? ಮತ್ತೆ, ಇದು ಇಷ್ಟೊತ್ತು ಯಾಕ್ ಮಾತಾಡುತ್ತೆ?" ಎರಡನೆಯ ಪ್ರಶ್ನೆಗೆ ತಮ್ಮ ಮುಖ ಕೆಂಪಾಯಿತು. ಅವರ ಅರ್ಜಿಯ ಮೇಲೆ ತಾವು "ನೆಗೆಟಿವ್ ಮನಸ್ಥಿತಿ" ಎಂದು ಬರೆದು ಸಹಿ ಮಾಡಿದಿರಿ. ಮನೆಮನೆಯ ಟ್ಯಾಂಕ್ ಹತ್ತಿ ಇಳಿದಿದ್ದ ಒಬ್ಬರೇ ಒಬ್ಬ ಅಭ್ಯರ್ಥಿ ಹೀಗೆ ಮೆಟ್ಟಿಲಿಳಿದು ಹೋದರು.

5. ಆಷಾಢದಲ್ಲಿ ಮದುವೆಗಳಿಲ್ಲದೆ ಮಂಟಪ ಖಾಲಿ ಇರುವ ಕಾರಣ, ಬಿಡುಗಡೆ ಸಮಾರಂಭವನ್ನು ಆಷಾಢದ ಎರಡನೇ ಭಾನುವಾರ ಇಟ್ಟುಕೊಳ್ಳಲಾಯಿತು. ಹೆಬ್ಬಾಳದ ಕಡೆಯ ಬಿಲ್ಡರ್ ಒಬ್ಬರು ಹೂಡಿಕೆ ಮಾಡುವ ಮನಸ್ಸಿನಿಂದ ಬರುವವರಿದ್ದರು. ವೇದಿಕೆಯ ಮೇಲೆ ಹತ್ತು ಪ್ರತಿನಿಧಿಗಳು ನಿಂತಿರಲೇಬೇಕು, ಇಲ್ಲದಿದ್ದರೆ ನನ್ನ ಹುದ್ದೆಯ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ತಾವು ತಿಳಿಸಿದಿರಿ. ಆ ಹೊತ್ತಿಗೆ ಪಟ್ಟಿಯಲ್ಲಿ ಒಂಬತ್ತು ಹೆಸರಿದ್ದವು. ಅದರಲ್ಲಿ ಆರು ತಮ್ಮ ಸೋದರಮಾವಂದಿರ ಮಕ್ಕಳು, ಉಳಿದ ಮೂವರು ಆ ಆರು ಮಂದಿಯ ಕ್ರಿಕೆಟ್ ಗೆಳೆಯರು. ಎಲ್ಲರಿಗೂ ಬುಲೆಟ್ ಗಾಡಿಗಳಿದ್ದವು, ಯಾರಿಗೂ ಹಸಿವಿರಲಿಲ್ಲ.

ಹತ್ತನೆಯ ಜಾಗ ಖಾಲಿಯಿತ್ತು. ಸಮಾರಂಭಕ್ಕೆ ಇನ್ನೂ ಮೂರು ವಾರವಿದ್ದಾಗ ಒಂದು ದಿನ, ಸಂಜೆ ಐದರೊಳಗೆ ಪಟ್ಟಿ ಬೇಕೆಂದಿರಿ. ಐದಕ್ಕೆ ಹತ್ತು ನಿಮಿಷವಿದ್ದಾಗ ನಾನು "ನಾಗಲಿಂಗಪ್ಪ, ವಯಸ್ಸು 64, ಪ್ರದೇಶ: ನಾಗಸಂದ್ರದಿಂದ ಗೊರಗುಂಟೆಪಾಳ್ಯ" ಎಂದು, ಫೋನ್ ನಂಬರಿನ ಸಮೇತ ಟೈಪ್ ಮಾಡಿ ಕಳುಹಿಸಿದೆ. ಜಾಗ ತುಂಬಿಸಲು ಬರೆದ ಹೆಸರದು. ಆ ಕ್ಷಣಕ್ಕೆ ತಲೆಗೆ ಬಂದ ಹೆಸರು. ಅಷ್ಟು ಬಿಟ್ಟರೆ ಅದರಲ್ಲಿ ಯಾವ ಯೋಚನೆಯೂ ಇರಲಿಲ್ಲ.

ಹೌದು, ಅವರು ನನ್ನ ತಂದೆ. ನನ್ನ ಹೆಸರಿನ ಪಕ್ಕದಲ್ಲೇ ಅವರ ಹೆಸರಿದೆ. ಎರಡು ವರ್ಷದಿಂದ ಪ್ರತಿ ತಿಂಗಳೂ ನನ್ನ ಸಂಬಳದ ಚೀಟಿಗೆ ಸಹಿ ಹಾಕುವ ತಾವು ಅದನ್ನು ಗಮನಿಸದೇ ಇರುವುದರಿಂದ ಈಗ ತಿಳಿಸುತ್ತಿದ್ದೇನೆ.

6. ಕಾಗದದಲ್ಲಿ ಹುಟ್ಟಿ ಕಾಗದದಲ್ಲೇ ಸಾಯಬೇಕಾಗಿದ್ದ ಆ ಹೆಸರಿಗೆ ತಾವು ಅದೇ ಸಂಜೆ ಫೋನ್ ಮಾಡಿದಿರಿ. ಉಲ್ಲೇಖ 1 ನೋಡುವುದು. ತಾವು ಹತ್ತು ಜನಕ್ಕೂ ಅದನ್ನೇ ಹೇಳಿ, ಹತ್ತು ಸಲವೂ ಮರೆತಿರಿ. ಆದರೆ ನಾನು ಮನೆಗೆ ಹೋಗುವಷ್ಟರಲ್ಲಿ ನಮ್ಮ ತಂದೆ ಪೆಟ್ಟಿಗೆಯ ತಳದಿಂದ ಬಿಳಿ ಅಂಗಿ ತೆಗೆಸಿ ಇಸ್ತ್ರಿಗೆ ಕೊಟ್ಟಿದ್ದರು.

"ಯವ್ವಾ, ನಿಮ್ಮ ಸಾಹೇಬ್ರು ಫೋನ್ ಮಾಡಿದ್ರು," ಎಂದರು. "ಇಷ್ಟ ದೊಡ್ಡ ಊರಾಗ ಹತ್ತ ಮಂದೀನ ಆರಿಸ್ಯಾರಂತ. ಅದರಾಗ ನಾ ಒಬ್ಬಾಂವ. ಏನ ನೋಡಿ ಆರಿಸಿದ್ರವಾ ನನ್ನ?"

"ನೀರಿನ ಕೆಲಸಾ ಮಾಡಿದಾವ್ರು ಬೇಕಾಗಿದ್ರು ಅಪ್ಪಾ" ಎಂದುಬಿಟ್ಟೆ. ಜೊತೆಗೆ, ಆಫೀಸಿನಲ್ಲಿ ನೀನು ನನ್ನ ಅಪ್ಪ ಅಂತ ಯಾರಿಗೂ ಹೇಳಬೇಡ, ನನಗೆ ತೊಂದರೆಯಾಗುತ್ತದೆ ಎಂದೂ ಸೇರಿಸಿದೆ. ಅವರು ಒಪ್ಪಿದರು. ಆಮೇಲೆ ದಿನವೂ ಸಂಜೆ ಒಂದೇ ಪ್ರಶ್ನೆ: "ಆರ್ಡರ್ ಎಂದ ಬರತೈತವಾ?" ಅವರು ಕೇಳುತ್ತಿದ್ದುದು ಪೆಟ್ಟಿಗೆಗಳ ಆರ್ಡರ್ ಬಗ್ಗೆ ಅಲ್ಲ, ತಮ್ಮ ನೇಮಕದ ಕಾಗದದ ಬಗ್ಗೆ ಎಂಬುದು ಮೊದಲ ದಿನದಿಂದಲೇ ನನಗೆ ಚೆನ್ನಾಗಿ ಗೊತ್ತಿತ್ತು. ಬರತೈತಿ, ಬರತೈತಿ ಎನ್ನುತ್ತಾ ಬಂದೆ. ಈ ವಿಷಯದಲ್ಲಿ ನಾನು ತಮಗಿಂತ ಕಡಿಮೆಯವಳೇನಲ್ಲ.

7. ಈ ಅಂಶವನ್ನು ತೀರಾ ಸಿಟ್ಟಿನಲ್ಲಿ ಬರೆದದ್ದರಿಂದ ಕೈಬಿಡಲಾಗಿದೆ.

8. ಸದರಿ ಶ್ರೀ ನಾಗಲಿಂಗಪ್ಪನವರು ಗದಗ ಜಿಲ್ಲೆಯ ನಮ್ಮ ಊರಿನಲ್ಲಿ ಮೂವತ್ತೊಂದು ವರ್ಷ ನೀರು ಬಿಡುವ ಕೆಲಸ ಮಾಡಿದವರು. ಯಾವ ಓಣಿಗೆ ಎಷ್ಟು ಹೊತ್ತು ನೀರು ಬಿಡಬೇಕು, ಯಾವಾಗ ವಾಲ್ ತಿರುಗಿಸಬೇಕು ಎಂಬುದು ಅವರ ಕೈಯಲ್ಲಿತ್ತು. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಒಂದು ಕೊಡ ಹರಿದುಹೋದರೂ ಜನ ಮನೆಗೆ ಬಂದು ಬೈದು ಹೋಗುತ್ತಿದ್ದರು. ಇಂಥವರ ಕೈಗೆ ತಾವು ಮಾರಲು ತುಂಬಣ್ಣನನ್ನು ಕೊಟ್ಟಿರಿ. ಅವರು ಮಾರಿದ ಕ್ರಮ ಹೀಗಿದೆ.

ಮನೆಯ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಟ್ಟು, "ನಿಮ್ಮ ಟಾಕಿ ಎಷ್ಟ ಹೊತ್ತಿಗೆ ತುಂಬತೈತ್ರಿ?" ಎಂದು ಕೇಳುವುದು. ಯಾವ ಮನೆಯವರಿಗೂ ಅದು ಗೊತ್ತಿರುವುದಿಲ್ಲ. ಮೋಟರ್ ಹಾಕಿಸುವುದು. ಪೈಪಿಗೆ ಕಿವಿಯಿಟ್ಟು ನಿಲ್ಲುವುದು. ನೀರು ಮೇಲಕ್ಕೇರಿದಂತೆ ಸಪ್ಪಳ ಬದಲಾಗುತ್ತದೆಯಂತೆ. ನನಗೆ ಇವತ್ತಿಗೂ ಕೇಳಿಸಿಲ್ಲ. ಕೈಗಡಿಯಾರ ನೋಡಿಕೊಂಡು ನಿಮಿಷ ಗುರುತು ಮಾಡಿಕೊಳ್ಳುವುದು. ಮಾರನೆಯ ದಿನ ಮತ್ತೆ ಹೋಗಿ ತಾಳೆ ನೋಡುವುದು. ಆಮೇಲೆ ಮನೆಯವರ ಒಪ್ಪಿಗೆ ಪಡೆದು, ಮೋಟರಿನ ಸ್ವಿಚ್ಚಿನ ಪಕ್ಕದ ಗೋಡೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆಯುವುದು: "22 ನಿಮಿಷ. ಕರೆಂಟ್ ಕಡಿಮೆ ಇದ್ದರೆ 25."

"ಅಪ್ಪಾ, ಹಿಂಗ ಬರದುಕೊಟ್ರ ಪೆಟಿಗಿ ಯಾರ ತಗೋತಾರ?" ಎಂದು ನಾನು ಕೇಳಿದ್ದಕ್ಕೆ, "ಮನ್ಯಾಗಿನ ಮಂದಿಗೆ ಮೊದಲ ತಮ್ಮ ಟಾಕಿ ತಮಗ ಗೊತ್ತಿರಬೇಕವಾ. ಗೊತ್ತಿದ್ದೂ ಮರೀತೀವಿ ಅನ್ನಾವ್ರಿಗೆ ನಮ್ಮ ಪೆಟಿಗಿ" ಎಂದರು. ಹೀಗೆ ಮರೆಯುವವರು ನಾಲ್ಕು ಮನೆಗಳಲ್ಲಿ ಸಿಕ್ಕರು. ನಾಲ್ಕು ತುಂಬಣ್ಣಗಳು ಮಾರಾಟವಾದವು. ಉಳಿದ ಒಂಬತ್ತು ಮಂದಿ ಒಟ್ಟು ಸೇರಿ ಮಾರಿದ್ದು ಒಂದು, ಅದೂ ತಮ್ಮ ಅತ್ತೆಯವರ ಮನೆಗೆ. ಅಳಿಯನ ದನಿ ಅಡುಗೆಮನೆಯಲ್ಲಿ ಕೇಳಲಾರದೆ ಅವರು ಎರಡನೆಯ ದಿನ ತಂತಿ ಕಿತ್ತರೆಂದು ತಿಳಿದುಬಂದಿರುತ್ತದೆ. ಆದ್ದರಿಂದ ಸಂಸ್ಥೆಯ ಅತ್ಯುತ್ತಮ ಮಾರಾಟ ಪ್ರತಿನಿಧಿ ಯಾರು ಎಂಬ ಪ್ರಶ್ನೆಗೆ ಲೆಕ್ಕ ಹಾಕುವ ಅಗತ್ಯವೂ ಇಲ್ಲ.

9. ಸಮಾರಂಭದ ದಿನ. ಪ್ರತಿಯೊಬ್ಬ ಪ್ರತಿನಿಧಿಯೂ ಒಬ್ಬ ಸಂತುಷ್ಟ ಗ್ರಾಹಕರನ್ನು ಕರೆತರಬೇಕೆಂಬ ತಮ್ಮ ಸೂಚನೆಯನ್ನು ಪಾಲಿಸಿದವರು ಒಬ್ಬರೇ. ನಮ್ಮ ತಂದೆ ನಾಗಸಂದ್ರದಿಂದ ಎರಡು ಬಸ್ ಬದಲಿಸಿ, ಶ್ರೀಮತಿ ಕೃಷ್ಣಮ್ಮ ಎಂಬ ಗೃಹಿಣಿಯನ್ನು ಕರೆದುಕೊಂಡು, ಹೇಳಿದ ಹೊತ್ತಿಗಿಂತ ಒಂದು ಗಂಟೆ ಮುಂಚೆ ಬಂದು ಕೂತಿದ್ದರು. ಕುತ್ತಿಗೆಯಲ್ಲಿ ಹೆಸರಿನ ಬಿಲ್ಲೆ. ಮೂವತ್ತೊಂದು ವರ್ಷದ ಕೆಲಸದಲ್ಲಿ ಅವರ ಕುತ್ತಿಗೆಗೆ ಯಾರೂ ಅವರ ಹೆಸರು ಹಾಕಿರಲಿಲ್ಲ. ನಾನು ಹಾಲ್ ದಾಟಿ ಹೋಗುವಾಗ ಅವರು ನನ್ನ ಕಡೆ ನೋಡಲಿಲ್ಲ, ಮಾತು ಕೊಟ್ಟಿದ್ದರಲ್ಲ.

ವೇದಿಕೆಯ ಮೇಲೆ ಗಾಜಿನ ತೊಟ್ಟಿ ಇಟ್ಟು, ಮೋಟರ್ ಹಾಕಿ, ತುಂಬಣ್ಣನ ಪ್ರಾತ್ಯಕ್ಷಿಕೆ ಶುರುವಾಯಿತು. ತಾವು ಹೂಡಿಕೆದಾರರ ಕಡೆ ತಿರುಗಿ ನೀರಿನ ಭವಿಷ್ಯದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಿರಿ. ಹತ್ತು ಪ್ರತಿನಿಧಿಗಳು ಹಿಂದೆ ಸಾಲಾಗಿ ನಿಂತಿದ್ದರು. ಅವರಲ್ಲಿ ಒಬ್ಬರು ತಲೆ ವಾಲಿಸಿ ತೊಟ್ಟಿಯ ಸಪ್ಪಳ ಕೇಳುತ್ತಿದ್ದರು.

"ಸಾಹೇಬ್ರ, ತುಂಬಾಕ ಬಂತ್ರಿ. ಆರಿಸ್ರಿ," ಎಂದರು ನಮ್ಮ ತಂದೆ.

"ಒಂದ್ ನಿಮಿಷ ಅಂಕಲ್, ಪ್ರಾಡಕ್ಟ್ ಮಾತಾಡ್ಲಿ," ಎಂದಿರಿ ತಾವು.

ಪ್ರಾಡಕ್ಟ್ ಮಾತಾಡಲಿಲ್ಲ. ನೀರು ತೊಟ್ಟಿಯ ಅಂಚು ದಾಟಿ, ವೇದಿಕೆ ಇಳಿದು, ಮುಂದಿನ ಸಾಲಿನ ಕುರ್ಚಿಗಳ ಕಾಲಿಗೆ ಬಂತು. ತಮ್ಮ ತಂದೆಯವರು ಎದ್ದು ನಿಂತು, "ಅಯ್ಯೋ, ಸ್ರಾವಣಕ್ಕೇಂತ ಒಸಾ ಕಾರ್ಪೆಟ್ ಆಕ್ಸಿದ್ದೆ ಕಣ್ಲಾ, ಇಂಗೆ ನೆನೆಸ್ಬಿಟ್ಟೆಲ್ಲೋ!" ಎಂದು ಕೂಗಿದರು. ನಮ್ಮ ತಂದೆ ತಡೆಯಲಾರದೆ ಹೋಗಿ ತಾವೇ ಸ್ವಿಚ್ ಆರಿಸಿದರು. ಅದಾದ ಮೇಲೆ, ಎಲ್ಲರೂ ಪಂಚೆ ಸೀರೆ ಎತ್ತಿಕೊಂಡು ನಿಂತಿರುವಾಗ, ಪೆಟ್ಟಿಗೆ ತಮ್ಮ ದನಿಯಲ್ಲಿ "ಹಾಯ್! ನಾನು ತುಂಬಣ್ಣ!" ಎಂದಿತು. ಹೂಡಿಕೆದಾರರು ನಗುವುದಕ್ಕೆ ಶುರುಮಾಡಿದರು.

ಆ ನಗುವನ್ನು ಮುಚ್ಚಲು ತಾವು ಮೈಕನ್ನು ಗ್ರಾಹಕರ ಕೈಗೆ ಕೊಡಿಸಿದಿರಿ. ಇದ್ದ ಗ್ರಾಹಕರು ಕೃಷ್ಣಮ್ಮ ಒಬ್ಬರೇ.

"ನಂಗೆ ಮಾತಾಡಕ್ಕೆ ಬರಲ್ಲ," ಎಂದು ಶುರುಮಾಡಿ ಅವರು ಚೆನ್ನಾಗಿಯೇ ಮಾತಾಡಿದರು. "ಈ ಯಜಮಾನ್ರು ಬಂದು ಗೋಡೆ ಮೇಲೆ ಟೈಮ್ ಬರ್ದ್‌ಕೊಟ್ಟು ಹೋದ್ರು ಕಣ್ರೀ. ಅವತ್ತಿಂದ ಒಂದ್ ಬಿಂದಿಗೆ ನೀರೂ ಚೆಲ್ಲಿಲ್ಲ. ನಮ್ಮ ಬೀದೀಲಿ ಎಲ್ಲಾರ್ ಮನೇಲೂ ಬರ್ದವ್ರೆ. ಇನ್ನ್ ಈ ಮಿಶಿನ್ ನಮಗ್ಯಾಕ್ರೀ?"

ಹೂಡಿಕೆದಾರರು ಈ ಸಲ ಚಪ್ಪಾಳೆ ತಟ್ಟಿದರು, ಆಮೇಲೆ ಗಡಿಯಾರ ನೋಡಿಕೊಂಡು ಎದ್ದರು.

10. ತಮ್ಮ ಉತ್ಪನ್ನ ಸೋತದ್ದು ತಮ್ಮ ಬಾಯಿಯಿಂದ. ಆದರೆ ತಾವು ತಿರುಗಿದ್ದು ಸ್ವಿಚ್ ಆರಿಸಿದ ಮುದುಕರ ಕಡೆಗೆ. ಮೈಕ್ ಇನ್ನೂ ಕೈಯಲ್ಲಿತ್ತು.

"ಏನ್ ಅಂಕಲ್, ನೀವ್ ಸೇಲ್ಸ್ ಮಾಡ್ತಿದ್ರೋ ನಮ್ಮ ಬಿಸಿನೆಸ್ ಮುಗಿಸ್ತಿದ್ರೋ? ಸಾಕು, ಇವತ್ತಿಂದ ನೀವ್ ಬೇಡ. ಆ ಬ್ಯಾಡ್ಜ್ ತೆಗ್ದು ಕೊಟ್ಬಿಡಿ."

ಅವರು ಬಿಲ್ಲೆಯನ್ನು ಕುತ್ತಿಗೆಯಿಂದ ತೆಗೆದು, ಪಟ್ಟಿಯನ್ನು ಅಚ್ಚುಕಟ್ಟಾಗಿ ಸುತ್ತಿ, ಎರಡೂ ಕೈಯಿಂದ ಕೊಟ್ಟರು. "ಆತ್ರಿ ಸಾಹೇಬ್ರ. ಆದ್ರ ಕಾಗದ?" ಎಂದರು.

"ಯಾವ್ ಕಾಗ್ದ?"

"ತಗೊಂಡದ್ದರ ಕಾಗದ ಇನ್ನೂ ಬಂದಿಲ್ರಿ. ಅದು ಇಲ್ದ ತಗಿಯೂದು ಹೆಂಗ?"

ಇಡೀ ಹಾಲ್ ನಕ್ಕಿತು. ಬುಲೆಟ್ ಗಾಡಿಯ ಒಂಬತ್ತು ಮಂದಿ ಹೆಚ್ಚು ನಕ್ಕರು. ನಾನು ಕಾಫಿಯ ತಟ್ಟೆ ಹಿಡಿದು ಕಂಬದ ಪಕ್ಕ ನಿಂತಿದ್ದೆ. ನಾನು ನಗಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಅವರು ನನ್ನ ಅಪ್ಪ ಎಂದು ಹೇಳಲು ಅಲ್ಲಿ ಬೇಕಾದಷ್ಟು ಸಮಯವಿತ್ತು. ಅವರು ಆಗಲೂ ನನ್ನ ಕಡೆ ನೋಡಲಿಲ್ಲ. ಕೊಟ್ಟ ಮಾತಿನಂತೆ ಯಾರೋ ಆಗಿಯೇ ಮೆಟ್ಟಿಲಿಳಿದು, ಕೃಷ್ಣಮ್ಮನವರನ್ನು ಬಸ್ಸಿಗೆ ಹತ್ತಿಸಿ, ಮನೆತನಕ ಬಿಟ್ಟು ಬಂದರು. ಈ ಅಂಶದಲ್ಲಿರುವ ತಿರಸ್ಕಾರದ ಅರ್ಧ ಪಾಲು ನನಗೆ ಸೇರಬೇಕಾದದ್ದೆಂದು ಒಪ್ಪಿಕೊಳ್ಳುತ್ತೇನೆ. ಉಳಿದರ್ಧವನ್ನು ತಾವು ದಯಮಾಡಿ ಸ್ವೀಕರಿಸಬೇಕು.

11. ಈಗ ಕಾಗದದ ವಿಷಯ. ಮೂವತ್ತೊಂದು ವರ್ಷ ನೀರು ಬಿಟ್ಟವರು ಮೂವತ್ತೊಂದು ವರ್ಷವೂ ದಿನಗೂಲಿ. ಕಾಯಂ ಮಾಡುವ ಕಾಗದ ಈ ವರ್ಷ ಬರುತ್ತದೆ, ಮುಂದಿನ ವರ್ಷ ಬರುತ್ತದೆ ಎಂದು ಮನೆಯಲ್ಲಿ ಮಾತಾಡಿಕೊಳ್ಳುತ್ತಲೇ ನಾನು ದೊಡ್ಡವಳಾದೆ. ಬರಲಿಲ್ಲ. ಕೊನೆಗೆ ನೀರಿನ ಕೆಲಸ ಗುತ್ತಿಗೆಗೆ ಹೋಯಿತು. ಗುತ್ತಿಗೆದಾರನ ಕಡೆಯವನೊಬ್ಬ ಬೈಕು ನಿಲ್ಲಿಸದೆಯೇ, "ಯಜಮಾನಾ, ನಾಳಿಂದ ಬರಬ್ಯಾಡ" ಎಂದು ಹೇಳಿ ಹೋದ. ಅವರು ಬೀಗದ ಕೈ ಯಾರಿಗೆ ಕೊಡಬೇಕೆಂದು ತಿಳಿಯದೆ ಸಂಜೆತನಕ ನೀರಿನ ಟಾಕಿಯ ಕೆಳಗೆ ಕೂತಿದ್ದು ಬಂದರಂತೆ. ಇದನ್ನು ನನಗೆ ಹೇಳಿದವಳು ಅವ್ವ. ಅವರು ಹೇಳಿಲ್ಲ.

ಸಮಾರಂಭದ ಮರುದಿನ ಬೆಳಿಗ್ಗೆ ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ, "ಯವ್ವಾ, ಒಂದ ಅರ್ಜಿ ಬರಕೊಡ" ಎಂದು ಬಿಳಿ ಹಾಳೆ ತಂದಿಟ್ಟರು. ತಮ್ಮ ಮೇಲೆ ದೂರು ಬರೆಸುತ್ತಾರೆಂದು ನಾನು ಹುರುಪಿನಿಂದ ಪೆನ್ನು ಹಿಡಿದೆ.

"ದೂರಲ್ಲ," ಎಂದರು. "ಹುಡುಗ ಅದಾನ, ಸಿಟ್ಟ ಬಂದೈತಿ, ಬಿಡ. ನಾ ಕೆಲಸಾ ಬಿಡಾಕ ಹತ್ತೇನಿ ಅಂತ ಬರಿ. ನಂದ ಖುಷಿಲೆ ಬಿಡತೇನಿ ಅಂತ ಬರಿ. ಎಲ್ಲಾರೂ ನನಗ ಬರಬ್ಯಾಡ ಅಂದವರ. ಒಮ್ಮೆರೆ ನಾ ಒಲ್ಲೆ ಅನ್ನಬೇಕಲ್ಲವಾ."

ಬರೆದುಕೊಟ್ಟೆ. ಅದನ್ನು ನೋಡಿಕೊಂಡು ಅವರು ತಮ್ಮ ದುಂಡಗಿನ ಅಕ್ಷರದಲ್ಲಿ ಇನ್ನೊಂದು ಪ್ರತಿ ಮಾಡಿದರು. "ತಾವು ದಿನಾಂಕ ... ರಂದು ನೀಡಿದ ನೇಮಕಾತಿ ಆದೇಶದಂತೆ" ಎಂಬಲ್ಲಿ ಕೈ ನಿಂತಿತು. "ಇಲ್ಲಿ ಯಾವ ತಾರೀಖು ಹಾಕ್ಲಿ?" ಎಂದು ಕೇಳಿದರು. ಆದೇಶವೇ ಇಲ್ಲದ ಕೆಲಸಕ್ಕೆ ರಾಜೀನಾಮೆ ಕೊಡಲು ಬರುವುದಿಲ್ಲ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಜಾಗ ಬಿಟ್ಟು ಮುಂದೆ ಬರೆದರು. ಕಾರಣ, ಈ ಅರ್ಜಿ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ:

(ಅ) ಶ್ರೀ ನಾಗಲಿಂಗಪ್ಪ ಇವರನ್ನು ಸ್ವತಂತ್ರ ಮಾರಾಟ ಪ್ರತಿನಿಧಿಯನ್ನಾಗಿ ನೇಮಿಸಿದ ಆದೇಶವನ್ನು, ತಾವು ಫೋನ್ ಮಾಡಿದ ದಿನಾಂಕದಿಂದ ಅನ್ವಯವಾಗುವಂತೆ, ಸಂಸ್ಥೆಯ ಮುದ್ರೆಯೊಂದಿಗೆ ನೀಡುವುದು. ಭಾಷೆ ಕನ್ನಡದಲ್ಲಿರಲಿ. "ಕುಟುಂಬ", "ಪಯಣ", "ಕನಸು" ಮುಂತಾದ ಪದಗಳು ಬೇಡ. ಹುದ್ದೆ, ದಿನಾಂಕ, ಸಹಿ ಇದ್ದರೆ ಸಾಕು.

(ಆ) ಆದೇಶದಲ್ಲಿ "ಅನುಭವದ ಆಧಾರದ ಮೇಲೆ ಆಯ್ಕೆ" ಎಂಬ ಸಾಲು ಇರತಕ್ಕದ್ದು. ಅಂಶ 5ರಲ್ಲಿ ನಾನು ಬರೆದಿರುವುದು ತಮಗೂ ನನಗೂ ಬಿಟ್ಟು ಮೂರನೆಯವರಿಗೆ, ಅದರಲ್ಲೂ ಸದರಿಯವರಿಗೆ, ಯಾವ ಕಾರಣಕ್ಕೂ ತಿಳಿಯಬಾರದು.

(ಇ) ಮೈಕಿನಲ್ಲಿ ಹೊರಡಿಸಿದ ವಜಾ ಆದೇಶವನ್ನು ಹಿಂಪಡೆಯುವುದು. ಇದಕ್ಕೆ ಮತ್ತೆ ಮೈಕ್ ಬೇಕಾಗಿಲ್ಲ.

(ಈ) ನನ್ನ ರಾಜೀನಾಮೆಯನ್ನೂ ಇದರೊಂದಿಗೆ ಲಗತ್ತಿಸಿದೆ. ಅದನ್ನು ತಾವು ಓದದೆ ಒಪ್ಪಿಕೊಳ್ಳಬಹುದು, ಎಂದಿನಂತೆ ಹೆಬ್ಬೆರಳು ಸಾಕು.

ಮೇಲಿನದನ್ನೆಲ್ಲ ನೆರವೇರಿಸಲು ತಮಗೆ ಪುರುಸೊತ್ತಾಗದಿದ್ದರೆ ಆದೇಶವನ್ನು ನಾನೇ ಟೈಪ್ ಮಾಡಿ ತರುತ್ತೇನೆ. ಎರಡು ವರ್ಷದಿಂದ ತಮ್ಮ ಕೆಲಸವೆಲ್ಲ ಹಾಗೆಯೇ ನಡೆದಿರುತ್ತದೆ. ಆದರೆ ಸಹಿ ಮಾತ್ರ ತಮ್ಮದೇ ಆಗಿರಬೇಕು, ಅವರು ಕನ್ನಡಕ ಹಾಕಿಕೊಂಡು ಸಹಿ ನೋಡುತ್ತಾರೆ.

ಇನ್ನು ಹದಿನೈದು ದಿನದ ಮಟ್ಟಿಗೆ ಮಾತ್ರ ತಮ್ಮ ವಿಶ್ವಾಸಿ,

(ಸಹಿ)
ಪ್ರತಿಭಾ, ಶ್ರೀ ನಾಗಲಿಂಗಪ್ಪ ಇವರ ಮಗಳು

ಸ್ಥಳ: ಪಾತ್ರೆ ಕೋಣೆ (ಶ್ರಾವಣ ಬಂದಿದೆ, ಕೆಳಗೆ ಮದುವೆಯಿದೆ)

ಅಡಕಗಳು:
1. ನೇಮಕಾತಿ ಆದೇಶದ ಕರಡು, ಒಂದು ಪುಟ. ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ.
2. ಪ್ರತಿಭಾ ಇವರ ರಾಜೀನಾಮೆ, ಅರ್ಧ ಪುಟ.
3. ಶ್ರೀ ನಾಗಲಿಂಗಪ್ಪ ಇವರ ರಾಜೀನಾಮೆಯ ನೆರಳಚ್ಚು, ಒಂದು ಪುಟ, ಸ್ವಹಸ್ತಾಕ್ಷರ, ಒಂದು ದಿನಾಂಕ ಖಾಲಿ. ಮೂಲಪ್ರತಿ ಅವರ ಬಳಿಯಿದೆ. ಆದೇಶ ಕೈಸೇರಿದ ಮಾರನೆಯ ದಿನ, ಬಿಳಿ ಅಂಗಿ ಹಾಕಿಕೊಂಡು, ಅದನ್ನು ಖುದ್ದಾಗಿ ತಂದುಕೊಡುವರು.

ಕೊನೆಯ ಕೋರಿಕೆ: ಅವರು ರಾಜೀನಾಮೆ ತಂದುಕೊಟ್ಟಾಗ ತಾವು ಕೂಡಲೇ ತೆಗೆದುಕೊಳ್ಳಬಾರದು. ಕುರ್ಚಿ ಕೊಟ್ಟು, ಕೂರಿಸಿ, "ಬಿಡಬೇಡಿ, ಇನ್ನೊಮ್ಮೆ ಯೋಚನೆ ಮಾಡಿ" ಎಂದು ಒಂದು ಸಲ ಹೇಳಬೇಕು. ತಾವು ಹೆದರಬೇಕಾಗಿಲ್ಲ, ಅವರು ಒಪ್ಪುವುದಿಲ್ಲ.